ಕೂಟದಿಂದ ಪ್ರಶ್ನೆಯವರೆಗೆ

‘ಕಿರುಕುಳ’ ಎಂಬ ಮಾತು ಇಂದು ಮನೆಯಲ್ಲಿ, ಕಚೇರಿಯಲ್ಲಿ, ಪತ್ರಿಕೆಗಳಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಳೆಯ ಕನ್ನಡ ಶಾಸನಗಳನ್ನು ಓದುವವರಿಗೆ ಅದೇ ಮಾತು ಬೇರೊಂದು ವೇಷದಲ್ಲಿ ಎದುರಾಗುವುದುಂಟು. ಹೆಜ್ಜುಂಕ, ವಡ್ಡರಾವುಳ, ಸಿದ್ಧಾಯ ಮೊದಲಾದ ತೆರಿಗೆಗಳ ಪಂಕ್ತಿಯಲ್ಲಿ ಕಿರುಕುಳವೂ ಕುಳಿತಿರುತ್ತದೆ. ಸಣ್ಣಪುಟ್ಟ ಸುಂಕ ಎಂದು ಅಲ್ಲಿ ಅದರ ಅರ್ಥ. ಒಂದು ಅರ್ಥದಿಂದಲೇ ಇನ್ನೊಂದು ಹುಟ್ಟಿತೆಂದು ಸಾಧಿಸಲು ನಾನು ಹೊರಟಿಲ್ಲ. ಶಬ್ದಗಳ ವಂಶಾವಳಿ ಅಷ್ಟು ನೇರವಾಗಿರುವುದಿಲ್ಲ. ಆದರೂ ಸಣ್ಣ ಸುಂಕಕ್ಕೂ ದೊಡ್ಡ ಕಾಟಕ್ಕೂ ನಮ್ಮ ಭಾಷೆ ಒಂದೇ ಹೆಸರನ್ನು ಉಳಿಸಿಕೊಂಡು ಬಂದಿರುವುದು ಸುಮ್ಮನೆ ಬಿಟ್ಟುಬಿಡುವಂಥ ಸಂಗತಿಯಲ್ಲ.

ಈಚೆಗೆ ತರಗತಿಯಲ್ಲಿ ಈ ಮಾತನ್ನು ಹೇಳುತ್ತಿದ್ದಾಗ ಚನ್ನಗಿರಿ ಕಡೆಯ ಹುಡುಗನೊಬ್ಬ ಎದ್ದು ನಿಂತು, ‘‘ಸಾರ್, ಹಾಗಾದರೆ ಆ ಕಾಲದಲ್ಲಿ ಈ ತೆರಿಗೆ ಏಕೆ ಎಂದು ಕೇಳುವವರು ಯಾರೂ ಇರಲಿಲ್ಲವೆ?’’ ಎಂದ. ನಾನು ಉತ್ತರ ಹೇಳುವ ಮೊದಲೇ ಹಿಂದಿನ ಬೆಂಚಿನಿಂದ ಇನ್ನೊಬ್ಬ, ‘‘ಈಗ ಕೇಳುತ್ತಾರಲ್ಲ, ಏನಾಯಿತು?’’ ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಎರಡು ಪ್ರಶ್ನೆಗಳೂ ತಲೆಯಲ್ಲಿ ಉಳಿದುಕೊಂಡವು. ಮೊದಲನೆಯ ಹುಡುಗನ ಊರಿನ ಸುತ್ತಮುತ್ತಲೇ ಅವನ ಪ್ರಶ್ನೆಗೆ ಉತ್ತರವಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಎರಡನೆಯವನ ಪ್ರಶ್ನೆಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಈ ಬರಹ ಅವರಿಬ್ಬರಿಗೂ ಸಲ್ಲತಕ್ಕದ್ದು.

ಚನ್ನಗಿರಿ ತಾಲ್ಲೂಕಿನಲ್ಲಿ ಬಸವಾಪಟ್ಟಣ ಎಂಬ ಊರಿದೆ. ೧೮೩೦ರ ಆಗಸ್ಟ್ ತಿಂಗಳಲ್ಲಿ ನಗರ ಸೀಮೆಯ ರೈತರು ಅಲ್ಲಿ ಗುಂಪುಗೂಡಿ ಕೊಂಬು ಊದಿದರು. ಆಗ ನಗರವು ಮೈಸೂರು ಸಂಸ್ಥಾನದ ಒಂದು ಫೌಜುದಾರಿ. ಇಂದಿನ ಶಿವಮೊಗ್ಗದ ಸುತ್ತಣ ನಾಡೆಲ್ಲ ಅದರಲ್ಲಿ ಸೇರಿತ್ತು. ರೈತರು ಹೀಗೆ ನೆರೆಯುವುದಕ್ಕೆ ‘ಕೂಟ’ ಎಂದು ಹೆಸರು. ನೇಗಿಲು ಕಟ್ಟಿಟ್ಟು, ಊರು ಬಿಟ್ಟು, ಹತ್ತಾರು ಗ್ರಾಮಗಳವರು ಒಂದೆಡೆ ಕಲೆತು, ತಮ್ಮ ಅಹವಾಲು ಕೇಳುವವರೆಗೆ ಕಂದಾಯ ಕೊಡೆವೆಂದು ಕುಳಿತುಬಿಡುವುದು ಅದರ ರೀತಿ. ಆ ಕೂಟಗಳು ಹೊನ್ನಾಳಿ, ಚನ್ನಗಿರಿ, ತರೀಕೆರೆಗಳ ಸುತ್ತ ಹಬ್ಬಿದವು. ಇತಿಹಾಸದಲ್ಲಿ ಇದಕ್ಕೆ ‘ನಗರದ ದಂಗೆ’ ಎಂದು ಹೆಸರಾಯಿತು. ಆದರೆ ಅದು ದಂಗೆಯಾಗಿ ಹುಟ್ಟಲಿಲ್ಲ. ಕೇಳಬೇಕಾದವರು ಕೇಳದೆ ಹೋದ ಒಂದು ಪ್ರಶ್ನೆಯಾಗಿ ಹುಟ್ಟಿತು.

ಆ ಪ್ರಶ್ನೆ ಏನು? ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸಂಸ್ಥಾನವು ಕಂಪೆನಿ ಸರ್ಕಾರಕ್ಕೆ ಪ್ರತಿವರ್ಷ ಏಳು ಲಕ್ಷ ವರಹ ಪೊಗದಿ ಕೊಡಬೇಕೆಂದು ಕರಾರಾಗಿತ್ತು. ದಿವಾನ್ ಪೂರ್ಣಯ್ಯನವರು ಕೈಬಿಗಿ ಹಿಡಿದು ಬೊಕ್ಕಸ ತುಂಬಿಸಿಟ್ಟುಹೋದರು. ಅವರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೊಕ್ಕಸ ಬರಿದಾಗುತ್ತ ಬಂತು. ಧಾನ್ಯದ ಧಾರಣೆ ಇಳಿದಿತ್ತು, ಕಂದಾಯ ಮಾತ್ರ ಇಳಿಯಲಿಲ್ಲ. ಆಗ ಬಳಕೆಯಲ್ಲಿದ್ದದ್ದು ‘ಶರತ್ತು’ ಪದ್ಧತಿ. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣ ವಸೂಲು ಮಾಡಿಕೊಡುತ್ತೇನೆಂದು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನೇ ತುಂಬಬೇಕು. ಹೆಚ್ಚು ಬಂದರೆ ಅದೂ ಸರ್ಕಾರಕ್ಕೆ. ಇಂಥ ಕರಾರಿಗೆ ಕೈಹಾಕಿದ ಅಧಿಕಾರಿ ರೈತನ ಮನೆಯ ಮುಂದೆ ಹೇಗೆ ನಿಲ್ಲುತ್ತಾನೆಂಬುದನ್ನು ಊಹಿಸಲು ಇತಿಹಾಸದ ಪಾಂಡಿತ್ಯವೇನೂ ಬೇಡ. ಮಳೆ ಬಂತೆ, ಬೆಳೆ ಬಂತೆ ಎಂದು ಅವನು ಕೇಳುವುದಿಲ್ಲ. ಅವನ ಕಿಸೆಯಲ್ಲಿ ಮುಚ್ಚಳಿಕೆಯಿದೆ.

ಇದರ ಮೇಲೆ, ಹಿಂದಿನ ಫೌಜುದಾರರು ಮಾಫಿ ಮಾಡಿದ್ದ ಬಾಕಿಯ ವಿಷಯವೂ ಮತ್ತೆ ಎದ್ದಿತು. ೧೮೨೮ರ ಸುಮಾರಿಗೆ ನಗರಕ್ಕೆ ಫೌಜುದಾರರಾಗಿ ಬಂದ ವೀರರಾಜೇ ಅರಸಿನವರು ಆ ಮಾಫಿಗಳನ್ನು ವಿಚಾರಣೆಗೆ ತೆಗೆದುಕೊಂಡರು. ಕಡತದಲ್ಲಿ ಅದು ನ್ಯಾಯವಾಗಿಯೇ ಕಂಡಿರಬಹುದು. ತೀರಿತೆಂದು ನೆಮ್ಮದಿಯಾಗಿದ್ದ ರೈತನಿಗೆ ಮಾತ್ರ ಅದು ತಲೆಯ ಮೇಲೆ ಬಿದ್ದ ಬಂಡೆ.

ಕಂದಾಯದ ಮಾತು ಹಾಗಿರಲಿ. ಆ ಕಾಲದ ಸಣ್ಣ ಸುಂಕಗಳ ಪಟ್ಟಿಯನ್ನು ನೋಡಿದರೆ ಶಾಸನಗಳ ಕಿರುಕುಳ ಎಷ್ಟು ದೂರ ಬೆಳೆದುಬಂದಿತ್ತೆಂಬುದು ಗೊತ್ತಾಗುತ್ತದೆ. ಮದುವೆಯಾದರೆ ಸುಂಕ, ಮಗು ಹುಟ್ಟಿದರೆ ಸುಂಕ, ಹೆಸರಿಟ್ಟರೆ ಸುಂಕ, ತಲೆಗೂದಲು ತೆಗೆಸಿದರೆ ಸುಂಕ. ಎಂದೋ ಒಬ್ಬ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಿತಂತೆ; ಅದನ್ನು ಹುಡುಕಿಕೊಡಲಿಲ್ಲವೆಂದು ಒಂದು ಗ್ರಾಮದವರು ತಲೆಮಾರುಗಳಿಂದ ಸುಂಕ ತೆರುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ನಡೆದುಹೋದವನೂ ಸುಂಕ ಕೊಡಬೇಕಾಗಿತ್ತು. ಇವೆಲ್ಲ ಕಟ್ಟುಕಥೆಗಳಲ್ಲ; ಸಂಸ್ಥಾನದ ಆದಾಯದ ಬಾಬುಗಳೆಂದು ಸರ್ಕಾರದ ಲೆಕ್ಕದಲ್ಲಿ ಬರೆದಿಟ್ಟಿದ್ದವು. ಸರಕು ಸಾಗಿಸುವವರಿಗೆ ದಾರಿಯುದ್ದಕ್ಕೂ ಸಾಯರಿನ ಕಟ್ಟೆಗಳಿದ್ದವು. ಮಲೆನಾಡಿನ ಅಡಕೆ, ಬಯಲುಸೀಮೆಯ ಧಾನ್ಯ ಕೈಬದಲಾಗುತ್ತಿದ್ದ ನ್ಯಾಮತಿಯಂಥ ವ್ಯಾಪಾರದ ಎಡೆಗಳಿಗೆ ಈ ಸುಂಕದ ಕಟ್ಟೆಯೆಂದರೆ ಏನೆಂದು ಯಾರೂ ಕಲಿಸಬೇಕಾಗಿರಲಿಲ್ಲ.

ಕೂಟ ಸೇರಿದವರಿಗೆ ತಮ್ಮ ಮಾತನ್ನು ಹೇಳಲು ಒಂದು ಮನೆಯಿರಲಿಲ್ಲ. ಅಮಲ್ದಾರನ ಮೇಲೆ ದೂರನ್ನು ಅಮಲ್ದಾರನಿಗೇ ಕೊಡಬೇಕು. ಫೌಜುದಾರನ ಮೇಲಿನ ದೂರು ಮೈಸೂರಿಗೆ ಮುಟ್ಟುವ ಮೊದಲು ಫೌಜುದಾರನ ಕಡೆಯವರ ಕೈಯನ್ನು ದಾಟಬೇಕು. ಹೀಗೆ ದಾರಿ ಮುಚ್ಚಿದಾಗ ಬೇರೆ ದಾರಿಗಳು ತೆರೆದುಕೊಳ್ಳುತ್ತವೆ, ಅವು ಒಳ್ಳೆಯವೇ ಆಗಿರುವುದಿಲ್ಲ. ನಗರದ ಹಳೆಯ ಅರಸುಮನೆಯ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ನಾಯಕನೂ ತರೀಕೆರೆಯ ಪಾಳೆಯಗಾರ ಮನೆತನದವರೂ ಈ ಅಸಮಾಧಾನದ ಮುಂದಾಳುಗಳಾದರು. ರೈತನಿಗೆ ಬೇಕಾಗಿದ್ದುದು ಕಂದಾಯದಲ್ಲಿ ನ್ಯಾಯ. ಅವರಿಗೆ ಬೇಕಾಗಿದ್ದುದು ಗದ್ದುಗೆ. ಎರಡೂ ಬೆರೆತವು. ಮಹಾರಾಜರು ತಾವೇ ಹೊರಟು ಸಂಚಾರ ಮಾಡಿದರು. ಕೆಲವರಿಗೆ ಅಭಯ ಸಿಕ್ಕಿತು, ಕೆಲವರಿಗೆ ನೇಣುಗಂಬ ಸಿಕ್ಕಿತು. ಕೊನೆಗೆ ಕಂಪೆನಿಯ ಪಲ್ಟನ್ನುಗಳು ಬಂದವು. ೧೮೩೧ರ ಜೂನ್ ತಿಂಗಳಲ್ಲಿ ನಗರದ ಕೋಟೆ ಬಿತ್ತು.

ಆಮೇಲೆ ನಡೆದುದು ಎಲ್ಲರಿಗೂ ತಿಳಿದ ಕಥೆ. ೧೮೩೧ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಸಂಸ್ಥಾನದ ಆಡಳಿತವನ್ನು ಮಹಾರಾಜರ ಕೈಯಿಂದ ತೆಗೆದುಕೊಂಡ. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಿಸಿದ ಸಮಿತಿ ೧೮೩೩ರಲ್ಲಿ ವರದಿ ಒಪ್ಪಿಸಿತು. ಆ ಸಮಿತಿಯಲ್ಲಿದ್ದ ಮಾರ್ಕ್ ಕಬ್ಬನ್ನನೇ ೧೮೩೪ರಲ್ಲಿ ಕಮಿಷನರನಾಗಿ ಬಂದು ೧೮೬೧ರವರೆಗೆ ನಾಡನ್ನಾಳಿದ. ಅವನ ಕಾಲದಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ ೭೬೯ ಎಂದು ದಾಖಲೆಯಿದೆ. ಏಳುನೂರ ಅರವತ್ತೊಂಬತ್ತು ಕಿರುಕುಳಗಳು!

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ರೈತರ ಪ್ರಶ್ನೆಗೆ ಉತ್ತರ ಸಿಕ್ಕಿತು ಎನ್ನಬಹುದೆ? ಸುಂಕ ಹೋದದ್ದು ನಿಜ. ಆದರೆ ಹೋದದ್ದು ಒಬ್ಬ ಅಧಿಕಾರಿಯ ವಿವೇಕದಿಂದ, ಕೇಳಿದವರ ಹಕ್ಕಿನಿಂದಲ್ಲ. ತಮ್ಮ ಅರಸು ತಮ್ಮ ಮಾತು ಕೇಳಲೆಂದು ಕೂಟ ಕಟ್ಟಿದವರ ನಾಡಿಗೆ, ಆ ಅರಸನೂ ಇಲ್ಲದ ಐವತ್ತು ವರ್ಷ ಬಂತು. ಒಳ್ಳೆಯ ಅಧಿಕಾರಿ ತೆಗೆದ ತೆರಿಗೆಯನ್ನು ಕೆಟ್ಟ ಅಧಿಕಾರಿ ಮತ್ತೆ ಹಾಕಬಹುದು. ತೆರಿಗೆ ಇಳಿಯುವುದೂ ತೆರಿಗೆಯ ವಿಷಯದಲ್ಲಿ ಮಾತನಾಡುವ ಅಧಿಕಾರ ಬರುವುದೂ ಒಂದೇ ಅಲ್ಲ. ಈ ಎರಡನೆಯದಕ್ಕಾಗಿ ನಮ್ಮ ನಾಡು ಇನ್ನೂ ಬಹಳ ಕಾಲ ಕಾಯಬೇಕಾಯಿತು.

೧೮೮೧ರ ಮಾರ್ಚಿಯಲ್ಲಿ ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅಕ್ಟೋಬರ್ ೭ರಂದು, ದಸರೆಯ ಸಮಯದಲ್ಲಿ, ಮೈಸೂರಿನಲ್ಲಿ ೧೪೪ ಮಂದಿ ಸೇರಿದರು. ತಾಲ್ಲೂಕಿಗೆ ಒಬ್ಬರು ಇಬ್ಬರಂತೆ ಸಾಗುವಳಿದಾರರು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು. ಸಂಸ್ಥಾನದ ಜಮಾ ಖರ್ಚು ಹೀಗಿದೆ, ನಾವು ಮಾಡಹೊರಟಿರುವುದು ಇದು ಎಂದು ದಿವಾನರು ಅವರ ಮುಂದೆ ಇಟ್ಟರು. ಬಸವಾಪಟ್ಟಣದಲ್ಲಿ ಕೊಂಬು ಊದಿದ ಐವತ್ತೊಂದು ವರ್ಷಗಳ ಮೇಲೆ, ಕಂದಾಯ ಕೊಡುವವನು ಕಂದಾಯ ತೆಗೆದುಕೊಳ್ಳುವವನ ಎದುರಿಗೆ ಕುರ್ಚಿಯ ಮೇಲೆ ಕುಳಿತ. ದಂಗೆಯ ನೆನಪಿನಿಂದಲೇ ಸಭೆ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಕೇಳುವವರಿಲ್ಲದ ಅಹವಾಲು ಏನಾಗುತ್ತದೆಂಬುದನ್ನು ಈ ಸಂಸ್ಥಾನ ಬಲ್ಲಷ್ಟು ಬೇರೆ ಸಂಸ್ಥಾನಗಳು ಬಲ್ಲವಾಗಿರಲಿಲ್ಲ. ಅದೇ ತಪ್ಪಿಗೆ ಅದು ಐವತ್ತು ವರ್ಷ ದಂಡ ತೆತ್ತಿತ್ತು.

ಆ ಸಭೆಯನ್ನು ಹೊಗಳುವಾಗ ಅದರ ಮಿತಿಯನ್ನೂ ಹೇಳಬೇಕು. ಅಲ್ಲಿ ಮತ ಹಾಕುವಂತಿರಲಿಲ್ಲ. ಅಹವಾಲು ಹೇಳಬಹುದು, ದಿವಾನರು ಕೇಳಬಹುದು, ಬಿಡಬಹುದು. ಮುಂದೆ ಚುನಾವಣೆಯಿಂದ ಸದಸ್ಯರು ಬರತೊಡಗಿದಾಗಲೂ ಇಷ್ಟು ಕಂದಾಯ ಕಟ್ಟುವವನಿಗೆ, ಇಷ್ಟು ಆಸ್ತಿಯುಳ್ಳವನಿಗೆ ಮಾತ್ರ ಮತವಿತ್ತು. ಹೆಚ್ಚು ಕೊಡುವವನಿಗೆ ಮಾತು, ಕಡಿಮೆ ಕೊಡುವವನಿಗೆ ಮೌನ! ಹೊನ್ನಾಳಿಯ ಕೂಟದಲ್ಲಿ ನಿಂತಿದ್ದವರಲ್ಲಿ ಹಲವರು ಆ ಸಭೆಯ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು.

ಆದರೂ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಅದರ ಸದಸ್ಯರಿಗೆ ಪ್ರಶ್ನೆ ಕೇಳುವ ಅಧಿಕಾರ, ಆಯವ್ಯಯದ ಮೇಲೆ ಚರ್ಚಿಸುವ ಅಧಿಕಾರ ದೊರೆತವು. ೧೯೨೩ರ ಸುಧಾರಣೆಯಲ್ಲಿ, ಹೊಸ ತೆರಿಗೆ ಹಾಕುವ ಮುನ್ನ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕೆಂದು ನಿಯಮವಾಯಿತು. ‘ಅಭಿಪ್ರಾಯ ಕೇಳಬೇಕು’ ಎಂಬುದಕ್ಕೂ ‘ಒಪ್ಪಿಗೆ ಪಡೆಯಬೇಕು’ ಎಂಬುದಕ್ಕೂ ಇರುವ ಅಂತರ ದೊಡ್ಡದು. ಆ ಅಂತರವನ್ನು ತುಂಬಿದ್ದು ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನ. ಅದರ ೨೬೫ನೆಯ ಅನುಚ್ಛೇದ ಬಹಳ ಚಿಕ್ಕದು. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕಕೂಡದು, ವಸೂಲು ಮಾಡಕೂಡದು ಎಂಬುದಷ್ಟೇ ಅದರ ತಾತ್ಪರ್ಯ. ಕುದುರೆ ಹುಡುಕಿಕೊಡದ ತಪ್ಪಿಗೆ ಹಣ ಕಟ್ಟುತ್ತಿದ್ದ ಆ ಗ್ರಾಮದವರಿಗೆ ಇದನ್ನು ಓದಿ ಹೇಳಬೇಕಾಗಿತ್ತು ಎನಿಸುತ್ತದೆ.

ಈಗ ಕಥೆಯನ್ನು ಮೈಸೂರಿನಿಂದ ದೆಹಲಿಗೆ ಕೊಂಡೊಯ್ಯಬೇಕು. ನಮ್ಮ ತಾಲ್ಲೂಕುಗಳ ಇಬ್ಬರು ನಮಗೆ ದಾರಿ ತೋರಿಸುತ್ತಾರೆ.

ಜಗಳೂರು ಮಳೆ ಕಡಿಮೆಯ ನಾಡು. ಬರದ ಹೆಸರೆತ್ತಿದರೆ ಅದರ ಹೆಸರು ಜೊತೆಗೇ ಬರುತ್ತದೆ. ಅಲ್ಲಿಯ ಜೆ. ಮಹಮ್ಮದ್ ಇಮಾಂ ಅವರು ಸಂಸ್ಥಾನದ ಕಾಲದಲ್ಲೇ ಮಂತ್ರಿಪದವಿಯನ್ನು ನಿರ್ವಹಿಸಿದವರು. ೧೯೫೭ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಚಿತ್ರದುರ್ಗ ಕ್ಷೇತ್ರದಲ್ಲಿ ನಿಂತು ಲೋಕಸಭೆಗೆ ಹೋದರು. ಅದು ತೆರಿಗೆಯ ಇತಿಹಾಸದಲ್ಲಿ ಮರೆಯಬಾರದ ವರ್ಷ. ಇಂಗ್ಲೆಂಡಿನಿಂದ ಬಂದ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಕೊಟ್ಟ ಸಲಹೆಯಂತೆ ಹಣಕಾಸಿನ ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಸಂಪತ್ತಿನ ಮೇಲೆ ಒಂದು ತೆರಿಗೆ, ವೆಚ್ಚದ ಮೇಲೆ ಇನ್ನೊಂದು ತೆರಿಗೆಯನ್ನು ತಂದರು. ಗಳಿಸಿದ್ದರ ಮೇಲೆ ತೆರಿಗೆ ಎಂಬುದು ಹಳೆಯ ಮಾತು. ಕೂಡಿಟ್ಟದ್ದರ ಮೇಲೆ, ಖರ್ಚು ಮಾಡಿದ್ದರ ಮೇಲೆಯೂ ತೆರಿಗೆ ಎಂಬುದು ಆಗ ಹೊಸದು. ವೆಚ್ಚದ ತೆರಿಗೆ ಹತ್ತು ವರ್ಷ ಪೂರ ಬಾಳಲಿಲ್ಲ. ನಡುವೆ ಒಮ್ಮೆ ಹೋಗಿ, ಮತ್ತೆ ಬಂದು, ೧೯೬೬ರಲ್ಲಿ ಹೋಗಿಯೇಬಿಟ್ಟಿತು. ಸಂಪತ್ತಿನ ತೆರಿಗೆ ೨೦೧೫ರ ಆಯವ್ಯಯದವರೆಗೂ ಉಳಿಯಿತು. ಯಾರಿಂದ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಒಮ್ಮೆ ಬರೆದು ಮುಗಿಸುವಂಥದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಹತ್ತು ವರ್ಷಗಳ ಮೇಲೆ, ೧೯೬೭ರಲ್ಲಿ, ಇಮಾಂ ಸಾಹೇಬರು ಚಿತ್ರದುರ್ಗದಿಂದಲೇ ಮತ್ತೆ ಲೋಕಸಭೆಗೆ ಹೋದರು. ಈ ಸಲ ಅವರ ಪಕ್ಷ ಸ್ವತಂತ್ರ ಪಕ್ಷ. ಅದೇ ಚುನಾವಣೆಯಲ್ಲಿ ಪಕ್ಕದ ಶಿವಮೊಗ್ಗ ಕ್ಷೇತ್ರದಿಂದ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು ಆರಿಸಿಬಂದರು. ಅವರದು ಸಂಯುಕ್ತ ಸಮಾಜವಾದಿ ಪಕ್ಷ; ವಯಸ್ಸು ಆಗಿನ್ನೂ ಮೂವತ್ತೇಳು ತುಂಬಿರಲಿಲ್ಲ. ಅಕ್ಕಪಕ್ಕದ ಸೀಮೆಯ ಇಬ್ಬರು, ಇಬ್ಬರೂ ವಿರೋಧ ಪಕ್ಷದ ಸಾಲಿನಲ್ಲಿ, ಆದರೆ ತೆರಿಗೆಯ ವಿಷಯದಲ್ಲಿ ಒಬ್ಬರ ಪಕ್ಷ ಉತ್ತರಕ್ಕಾದರೆ ಇನ್ನೊಬ್ಬರದು ದಕ್ಷಿಣಕ್ಕೆ.

ರಾಜಾಜಿ, ಎನ್. ಜಿ. ರಂಗಾ ಮೊದಲಾದವರು ೧೯೫೯ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷದ ವಾದವೆಂದರೆ, ಸರ್ಕಾರ ಕೈ ಉದ್ದ ಚಾಚಿದಷ್ಟೂ ಪ್ರಜೆ ಕುಗ್ಗುತ್ತಾನೆ. ಪರ್ಮಿಟ್ಟು ಲೈಸೆನ್ಸುಗಳ ಭಾರವನ್ನೂ ತೆರಿಗೆಯ ಭಾರವನ್ನೂ ಇಳಿಸಬೇಕು. ಲೋಹಿಯಾ ಅವರ ಹಾದಿಯಲ್ಲಿ ನಡೆದ ಸಂಯುಕ್ತ ಸಮಾಜವಾದಿಗಳ ವಾದವೆಂದರೆ, ಉಳ್ಳವರ ಭೋಗಕ್ಕೆ ಮಿತಿ ಹಾಕಬೇಕು. ಲಾಭವಿಲ್ಲದ ಸಣ್ಣ ಹಿಡುವಳಿಗಳ ಮೇಲಣ ಭೂಕಂದಾಯವನ್ನು ಪೂರ ತೆಗೆದುಹಾಕಬೇಕು. ೧೯೬೭ರಲ್ಲಿ ಉತ್ತರ ಪ್ರದೇಶದ ಸಂಯುಕ್ತ ಸರ್ಕಾರದಲ್ಲಿ ಮನಸ್ತಾಪ ಹುಟ್ಟಿದ್ದಕ್ಕೆ ಈ ಭೂಕಂದಾಯದ ಬೇಡಿಕೆಯೂ ಒಂದು ಕಾರಣ.

ಈ ಎರಡು ವಾದಗಳಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವುದು ಕನ್ನಡ ಮೇಷ್ಟರ ಕೆಲಸವಲ್ಲ. ನಾನು ತೋರಿಸಬೇಕೆಂದಿರುವುದು ಬೇರೆ. ೧೮೩೦ರ ಕೂಟದ ಪ್ರಶ್ನೆ ‘ನನ್ನಿಂದ ಇಷ್ಟೇಕೆ?’ ಎಂಬುದಾಗಿತ್ತು. ೧೯೬೭ರ ಹೊತ್ತಿಗೆ ಅದೇ ನೆಲದವರು ಕೇಳುತ್ತಿದ್ದುದು, ‘ಯಾರಿಂದ ಎಷ್ಟು, ಯಾರಿಗಾಗಿ?’ ಎಂದು. ತನ್ನ ಹೊರೆಯ ಮಾತನ್ನು ಆಡುತ್ತಿದ್ದವನು ನಾಡಿನ ಹೊರೆಯ ಮಾತನ್ನು ಆಡುವಂತಾದ. ಪ್ರಜೆ ಬೆಳೆದನೆಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಕೆ?

ಪಟೇಲರ ವಿಷಯದಲ್ಲಿ ಇನ್ನೊಂದು ಮಾತಿದೆ. ಅವರು ೧೯೬೭ರಲ್ಲಿ ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತನಾಡಿದರು. ಆ ಸಭೆಯಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲು. ಸಂವಿಧಾನದ ೧೨೦ನೆಯ ಅನುಚ್ಛೇದದಂತೆ ಸಂಸತ್ತಿನ ವ್ಯವಹಾರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆಯತಕ್ಕದ್ದು. ಅವು ಬಾರದವರು ಅಧ್ಯಕ್ಷರ ಅನುಮತಿಯಿಂದ ತಮ್ಮ ತಾಯ್ನುಡಿಯಲ್ಲಿ ಮಾತನಾಡಬಹುದು. ಆಗ ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವ ರೆಡ್ಡಿಯವರು. ಪಟೇಲರಿಗೆ ಇಂಗ್ಲಿಷ್ ಬಾರದೆ ಇರಲಿಲ್ಲ. ತಾವು ಯಾರ ಪರವಾಗಿ ಅಲ್ಲಿ ನಿಂತಿರುವೆವೋ ಅವರಿಗೆ ತಿಳಿಯುವ ಮಾತಿನಲ್ಲೇ ಕೇಳಬೇಕೆಂಬುದು ಅದರ ಮರ್ಮ. ಬಸವಾಪಟ್ಟಣದ ಕೂಟ ಕನ್ನಡದಲ್ಲಿ ಕೇಳಿತ್ತು. ನೂರ ಮೂವತ್ತೇಳು ವರ್ಷಗಳ ಮೇಲೆ ಅದೇ ತಾಲ್ಲೂಕಿನವನೊಬ್ಬ ದೇಶದ ಹಿರಿಯ ಸಭೆಯಲ್ಲಿ ಅದೇ ನುಡಿಯಲ್ಲಿ ಬಾಯಿ ತೆರೆದ. ಈ ಬಾರಿ ಪಲ್ಟನ್ನು ಬರಲಿಲ್ಲ.

ಇನ್ನು ಹಿಂದಿನ ಬೆಂಚಿನ ಹುಡುಗನ ಪ್ರಶ್ನೆ: ಕೇಳಿದರೆ ಏನಾಯಿತು?

ಲೋಕಸಭೆಯಲ್ಲಿ ಬೈಠಕ್ಕು ನಡೆಯುವ ದಿನ ಮೊದಲ ಗಂಟೆ ಪ್ರಶ್ನೆಗಳಿಗೆ ಮೀಸಲು. ಸದಸ್ಯನು ಕನಿಷ್ಠ ಹದಿನೈದು ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು. ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ ಇಪ್ಪತ್ತು. ಇವಕ್ಕೆ ಮಂತ್ರಿಯು ಎದ್ದು ನಿಂತು ಬಾಯಿಂದಲೇ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆಯಿಲ್ಲದ ಪ್ರಶ್ನೆಗಳು ಇನ್ನೂರ ಮೂವತ್ತರವರೆಗೆ. ಇವಕ್ಕೆ ಲಿಖಿತ ಉತ್ತರ. ಉತ್ತರವನ್ನು ಸಿದ್ಧಪಡಿಸಲು ಇಲಾಖೆಯಲ್ಲಿ ಕಡತ ಮೇಲಕ್ಕೆದ್ದು ಕೆಳಕ್ಕಿಳಿಯುತ್ತದೆ. ಸುಳ್ಳು ಹೇಳಿದರೆ ಸಭೆಯ ಹಕ್ಕಿಗೆ ಚ್ಯುತಿ. ಇಷ್ಟು ವಸೂಲಾಯಿತು, ಇಷ್ಟು ಬಾಕಿಯಿದೆ, ಇಷ್ಟು ವಿನಾಯಿತಿ ಕೊಟ್ಟೆವು, ಇಷ್ಟು ರಾಜ್ಯಕ್ಕೆ ಕಳಿಸಿದೆವು ಎಂದು ಸರ್ಕಾರ ತನ್ನ ಬಾಯಿಂದಲೇ ಹೇಳಿ ಅಚ್ಚಿನಲ್ಲಿ ಬಿಡಬೇಕಾಗುತ್ತದೆ. ಅಮಲ್ದಾರನ ಕಿಸೆಯಲ್ಲಿದ್ದ ಮುಚ್ಚಳಿಕೆಯನ್ನು ಅಂದಿನ ರೈತ ಕಂಡವನಲ್ಲ. ಇಂದಿನ ಮುಚ್ಚಳಿಕೆಯನ್ನು ಕಾಣುವ ಹಕ್ಕು ನಮಗಿದೆ.

ಪ್ರಶ್ನೆ ಎಷ್ಟು ದೂರ ಮುಟ್ಟಬಲ್ಲದೆಂಬುದಕ್ಕೆ ೧೯೬೩ರ ಲೋಕಸಭೆಯ ನಿದರ್ಶನವೊಂದಿದೆ. ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೋಹಿಯಾ ಹೇಳಿದರು. ನೆಹರೂ ಅವರು ಹದಿನೈದಾಣೆ ಎಂದರು. ಯೋಜನೆಯ ಮಂತ್ರಿ ಗುಲ್ಜಾರಿಲಾಲ್ ನಂದಾ ಏಳೂವರೆ ಆಣೆ ಎಂದರು. ಯಾರ ಲೆಕ್ಕ ಸರಿ ಎಂಬ ತರ್ಕ ಆಮೇಲೂ ನಡೆಯಿತು. ಆದರೆ ಬಡವನ ದಿನದ ಆದಾಯ ಎಷ್ಟು ಎಂಬುದು ಲೆಕ್ಕ ಹಾಕಿ ಹೇಳಬೇಕಾದ ಸಂಗತಿ ಎಂಬುದು ಅಂದಿನಿಂದ ನಿಂತಿತು. ಆ ಚರ್ಚೆಯಲ್ಲಿ ಸರ್ಕಾರ ಬೀಳಲಿಲ್ಲ. ಸರ್ಕಾರವನ್ನು ಬೀಳಿಸಿದಾಗ ಮಾತ್ರ ಪ್ರಶ್ನೆ ಗೆದ್ದಿತೆಂದು ತಿಳಿಯುವವರು ಈ ಬಗೆಯ ಗೆಲವನ್ನು ಕಾಣಲಾರರು.

ಹಾಗೆಂದು ಎಲ್ಲವೂ ಚೆನ್ನಾಗಿದೆ ಎಂದು ಹೇಳಿ ಮುಗಿಸುವಂತೆಯೂ ಇಲ್ಲ. ೨೦೨೦ರ ಸೆಪ್ಟೆಂಬರಿನ ಅಧಿವೇಶನದಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಪ್ರಶ್ನೋತ್ತರದ ವೇಳೆಯನ್ನೇ ಬಿಡಲಾಯಿತು. ಲಿಖಿತ ಉತ್ತರ ಮಾತ್ರ ಉಳಿಯಿತು. ಬೇರೆ ಅಧಿವೇಶನಗಳಲ್ಲಿ ರೋಗವಿಲ್ಲದೆಯೂ ಗದ್ದಲದಲ್ಲೇ ಆ ಗಂಟೆ ಕರಗುವುದುಂಟು. ಪಟ್ಟಿಯಲ್ಲಿರುವ ಇಪ್ಪತ್ತರಲ್ಲಿ ಬಾಯುತ್ತರ ಸಿಗುವುದು ಕೆಲವಕ್ಕೇ. ಇದಕ್ಕಿಂತ ಗಹನವಾದ ಮಾತು ಇನ್ನೊಂದಿದೆ. ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ ಬಂತು. ಅದಕ್ಕೆ ಆಧಾರವಾದ ಕಾನೂನನ್ನು ಸಂಸತ್ತು, ಶಾಸನಸಭೆಗಳು ಮಾಡಿವೆ. ಆದರೆ ಯಾವುದಕ್ಕೆ ಎಷ್ಟು ಎಂಬುದು ಹಣಕಾಸಿನ ಮಂತ್ರಿಗಳೆಲ್ಲ ಸೇರುವ ಜಿಎಸ್‌ಟಿ ಮಂಡಳಿಯ ಶಿಫಾರಸಿನಂತೆ ನಡೆಯುತ್ತದೆ. ಅಲ್ಲಿ ಕೇಂದ್ರಕ್ಕೆ ಮೂರರಲ್ಲಿ ಒಂದು ಪಾಲು ಮತ, ರಾಜ್ಯಗಳಿಗೆಲ್ಲ ಕೂಡಿ ಮೂರರಲ್ಲಿ ಎರಡು ಪಾಲು. ನಾಲ್ಕರಲ್ಲಿ ಮೂರು ಪಾಲು ಮತ ಬಿದ್ದರೆ ತೀರ್ಮಾನ. ೨೦೨೨ರ ಜುಲೈ ೧೮ರಿಂದ ಪೊಟ್ಟಣ ಕಟ್ಟಿ ಹೆಸರು ಒತ್ತಿದ ಅಕ್ಕಿ, ಹಿಟ್ಟು, ಮೊಸರುಗಳಿಗೆ ನೂರಕ್ಕೆ ಐದರಂತೆ ತೆರಿಗೆ ಬಿದ್ದದ್ದು ಹೀಗೆ. ೨೦೨೫ರ ಸೆಪ್ಟೆಂಬರಿನಲ್ಲಿ ದರದ ಮೆಟ್ಟಿಲುಗಳನ್ನೇ ಬದಲಾಯಿಸಿ, ಬಹಳ ಸಾಮಾನುಗಳ ಮೇಲಿನ ಹೊರೆಯನ್ನು ಇಳಿಸಿದ್ದೂ ಹೀಗೆಯೇ. ಏರಿಸಿದ್ದು ಸರಿಯೆ, ಇಳಿಸಿದ್ದು ಸರಿಯೆ ಎಂಬುದು ಇಲ್ಲಿ ನನ್ನ ಮಾತಲ್ಲ. ಏರುವುದಕ್ಕೂ ಇಳಿಯುವುದಕ್ಕೂ ಮುಂಚೆ ಪ್ರಶ್ನೆ ಎಲ್ಲಿ ಏಳಬೇಕು ಎಂಬುದು ಮಾತು. ಮಂಡಳಿಯ ಬಾಗಿಲ ಮುಂದೆ ಪ್ರಶ್ನೋತ್ತರದ ವೇಳೆಯಿಲ್ಲ. ಅಲ್ಲಿ ಆದುದನ್ನು ಕುರಿತು ಸ್ವಂತ ಸಭೆಗಳಲ್ಲಿ ಆಮೇಲೆ ಕೇಳಬಹುದು.

ಇದರ ಜೊತೆಗೆ ಹಂಚಿಕೆಯ ಪ್ರಶ್ನೆಯೂ ಬಂದಿದೆ. ಕೇಂದ್ರ ವಸೂಲು ಮಾಡಿದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು ೧೪ನೆಯ ಹಣಕಾಸು ಆಯೋಗದ ಲೆಕ್ಕದಲ್ಲಿ ನೂರಕ್ಕೆ ೪.೭೧೩ ಇದ್ದುದು ೧೫ನೆಯ ಆಯೋಗದಲ್ಲಿ ೩.೬೪೭ಕ್ಕೆ ಇಳಿಯಿತು. ಸೆಸ್ಸು, ಸರ್ಚಾರ್ಜುಗಳೆಂಬ ಮೇಲುತೆರಿಗೆಗಳು ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ. ೨೦೨೪ರ ಫೆಬ್ರವರಿ ೭ರಂದು ರಾಜ್ಯದ ಮಂತ್ರಿಮಂಡಲವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಈ ವಿಷಯವಾಗಿ ಧರಣಿ ಕುಳಿತದ್ದು ಓದುಗರಿಗೆ ನೆನಪಿರಬಹುದು. ಬಡ ರಾಜ್ಯಗಳಿಗೆ ಹೆಚ್ಚು ಸಲ್ಲಬೇಕೆಂಬ ಎದುರುವಾದವೂ ತಳ್ಳಿಹಾಕುವಂಥದಲ್ಲ. ಆದರೆ ಸಭೆಯೊಳಗೆ ಪ್ರಶ್ನೆಯಾಗಿ ಏಳಬೇಕಾದ್ದು ಬೀದಿಗೆ ಬಂದಾಗ, ಕನ್ನಡ ಬಲ್ಲವರ ನೆನಪಿಗೆ ‘ಕೂಟ’ ಎಂಬ ಹಳೆಯ ಮಾತು ಬಾರದೆ ಇರದು.

ಒಂದು ಸಮಾಧಾನವೂ ಉಂಟು. ೧೯೯೭ರ ಆಗಸ್ಟ್ ೧೫ರಂದು, ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿತು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳು ಬಂದವು; ಚಿತ್ರದುರ್ಗದಿಂದ ಜಗಳೂರು ಬಂತು. ಹೊನ್ನಾಳಿಯ ಒಡಲಿನಿಂದ ನ್ಯಾಮತಿ ೨೦೧೮ರಲ್ಲಿ ಬೇರೆ ತಾಲ್ಲೂಕಾಯಿತು. ಕೂಟದ ನೆಲ, ಸುಂಕದ ಕಟ್ಟೆಯ ದಾರಿ, ಬರದ ಹೊಲ—ಎಲ್ಲಕ್ಕೂ ಇಂದು ಲೋಕಸಭೆಯಲ್ಲಿ ಒಂದೇ ಕುರ್ಚಿ. ಆ ಕುರ್ಚಿಯಲ್ಲಿ ಕುಳಿತವರು ಯಾರೇ ಆಗಲಿ, ಯಾವ ಪಕ್ಷದವರೇ ಆಗಲಿ, ಅಡಕೆಯ ತೆರಿಗೆಯನ್ನೋ ಬರದ ಪರಿಹಾರವನ್ನೋ ಕುರಿತು ಒಂದು ಪ್ರಶ್ನೆ ಬರೆದು ಕಳಿಸಿದಾಗ ಅವರ ಬೆನ್ನ ಹಿಂದೆ ೧೮೩೦ರ ಆ ಜನ ನಿಂತಿರುತ್ತಾರೆ.

ಆದರೆ ಬೆನ್ನ ಹಿಂದಿನವರು ಸಾಲದು. ಎದುರಿಗೆ ಕೇಳುವವರೂ ಬೇಕು. ನಮ್ಮ ಸದಸ್ಯರು ಏನು ಕೇಳಿದರು, ಮಂತ್ರಿಗಳು ಏನು ಹೇಳಿದರು ಎಂಬುದು ಅಚ್ಚಾಗುತ್ತದೆ, ಯಾರು ಬೇಕಾದರೂ ಓದಬಹುದು. ನಮ್ಮಲ್ಲಿ ಓದುವವರು ಎಷ್ಟು ಮಂದಿ? ಮದುವೆಗೆ, ಹೆಸರಿಡುವುದಕ್ಕೆ ಸುಂಕ ತೆರುತ್ತಿದ್ದವನಿಗೆ ತಾನು ತೆರುತ್ತಿರುವೆನೆಂಬುದಾದರೂ ಗೊತ್ತಿತ್ತು. ಇಂದು ತೆರಿಗೆ ಸಾಮಾನಿನ ಬೆಲೆಯೊಳಗೇ ಅಡಗಿ ಕುಳಿತಿರುತ್ತದೆ. ಅಂಗಡಿಯ ಚೀಟಿಯ ಕೆಳಗಿನ ಸಣ್ಣ ಅಕ್ಷರವನ್ನು ನೋಡದವನಿಗೆ ತಾನು ತೆರಿಗೆದಾರನೆಂಬುದೇ ಮರೆತುಹೋಗುತ್ತದೆ. ಮರೆತವನು ಕೇಳುವುದಿಲ್ಲ. ಕೇಳುವವರಿಲ್ಲದ ಕಡೆ ಕಿರುಕುಳ ಮತ್ತೆ ಬೆಳೆಯುತ್ತದೆ.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಸಂಕ್ಷೇಪವಾಗಿ ಹೇಳಿದೆ. ಬಸವಾಪಟ್ಟಣದ ಹೆಸರು ಬಂದಾಗ ಚನ್ನಗಿರಿ ಕಡೆಯ ಹುಡುಗ ತಲೆಯೆತ್ತಿ, ‘‘ನಮ್ಮ ಊರ ಹತ್ತಿರವೇ ಸಾರ್’’ ಎಂದ. ಹಿಂದಿನ ಬೆಂಚಿನವನು ಏನೂ ಹೇಳಲಿಲ್ಲ. ಗಂಟೆ ಹೊಡೆದ ಮೇಲೆ ಮೇಜಿನ ಹತ್ತಿರ ಬಂದು, ಆ ಉತ್ತರಗಳು ಅಚ್ಚಾಗುತ್ತವೆ ಎಂದಿರಲ್ಲ, ಎಲ್ಲಿ ಸಿಗುತ್ತವೆ ಎಂದು ಕೇಳಿದ. ಹೇಳಿದೆ. ಬರೆದುಕೊಂಡು ಹೋದ.